ಹಳೆಯ ಎಂಎಕ್ಸ್-5 ಕೊಳ್ಳುವ, ಸಾಕುವ ಬಗೆ

ಎರಡು ಸೀಟಿನ, ಟಾಪು ತೆರೆಯುವ ಸ್ಪೋರ್ಟ್ಸ್ ಕಾರಾದ ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ 1.6 ಲೀಟರ್ ಎಂಜಿನ್ ಕೊಡುವುದು ಸುಮಾರು 115 ಅಶ್ವಶಕ್ತಿ. ಈಗಿನ ಕಾಲದಲ್ಲಿ ಸಾಮಾನ್ಯ ಕುಟುಂಬದ ಕಾರೂ ಅಷ್ಟು ಕೊಡುತ್ತದೆ. ಹಾಗಿದ್ದೂ 1989ರಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರು ನಾಲ್ಕು ತಲೆಮಾರು ದಾಟಿತು, 2016ರಲ್ಲಿ ತಯಾರಿಕೆಯಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿತು. ಗುಟ್ಟಿರುವುದು ತೂಕದಲ್ಲಿ. ಮೊದಲ ಮಾದರಿಗಳು ಸುಮಾರು 940ರಿಂದ 980 ಕೆ.ಜಿ. ಅಷ್ಟೇ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ, ನಾಲ್ಕೂ ಮೂಲೆಯಲ್ಲಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ತೂಕ ಹಿಂದೆ ಮುಂದೆ ಹೆಚ್ಚುಕಡಿಮೆ ಸಮಪಾಲು.

ಒಂದೇ ವೇಗದಲ್ಲಿ ಓಡುತ್ತಿರುವ 1,500 ಕೆ.ಜಿ.ಯ ಕಾರನ್ನು ನಿಲ್ಲಿಸಲು ಬ್ರೇಕುಗಳು ನುಂಗಬೇಕಾದ ಶಕ್ತಿ, 960 ಕೆ.ಜಿ.ಯ ಕಾರಿಗೆ ಬೇಕಾದ್ದರ ಒಂದೂವರೆ ಪಟ್ಟಿಗೂ ಹೆಚ್ಚು. ಆದ್ದರಿಂದ ಹಗುರ ಕಾರಿನಲ್ಲಿ ಸಣ್ಣ ಬ್ರೇಕು, ಕಿರಿದಾದ ಟೈರು, ಮೆದುವಾದ ಸ್ಪ್ರಿಂಗು ಸಾಕಾಗುತ್ತವೆ. ಟೈರಿನ ಹಿಡಿತ ಎಲ್ಲಿಗೆ ಮುಗಿಯುತ್ತದೆ ಎಂಬುದು ಭಯಪಡುವಷ್ಟು ವೇಗಕ್ಕೆ ಹೋಗುವ ಮೊದಲೇ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಭಾರದ ಕಾರಿನಲ್ಲಿ ಯಾರ ಗಮನಕ್ಕೂ ಬಾರದ ಸವೆದ ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರು), ಗಡುಸಾದ ಟೈರು, ಅರ್ಧ ಹಿಡಿದುಕೊಂಡ ಬ್ರೇಕು ಇಲ್ಲಿ ಇಡೀ ಕಾರಿನ ಗುಣವನ್ನೇ ಕೆಡಿಸುತ್ತವೆ. "ಓಡಿಸಿ ನೋಡಿದೆ, ಅಂಥದ್ದೇನೂ ಅನ್ನಿಸಲಿಲ್ಲ" ಎನ್ನುವವರು ಬಹುಪಾಲು ಅಂಥ ಸವೆದ ಕಾರನ್ನೇ ಓಡಿಸಿರುತ್ತಾರೆ.

ಯಾವುದನ್ನು ಆರಿಸಬೇಕು

ಮೊದಲ ತಲೆಮಾರಿನದಕ್ಕೆ ಮೇಲೇಳುವ ಹೆಡ್‌ಲೈಟು. 1.6 ಲೀಟರಿನ ಜೊತೆಗೆ 1994ರ ಮಾದರಿಯಿಂದ 1.8 ಲೀಟರ್ ಎಂಜಿನ್ ಬಂತು. 1.6 ಉತ್ಸಾಹದಿಂದ ಮೇಲಕ್ಕೆ ತಿರುಗುತ್ತದೆ. 1.8ರಲ್ಲಿ ಎಳೆತ ಹೆಚ್ಚು, ಎರಡು ಹಿಂಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್ ಕೂಡ ದೊಡ್ಡದು, ಗಟ್ಟಿ. ಮುಂದೆ ಟರ್ಬೊ ಹಾಕಿಸುವ ಆಸೆಯಿದ್ದರೆ ಆ ಡಿಫರೆನ್ಷಿಯಲ್ಲಿಗಾಗಿಯೇ 1.8 ತೆಗೆದುಕೊಳ್ಳಿ. ಆ ಆಸೆ ಇಲ್ಲದಿದ್ದರೆ ಎಂಜಿನ್ ಯಾವುದೆಂದು ತಲೆಕೆಡಿಸಿಕೊಳ್ಳದೆ, ಬಾಡಿ ಚೆನ್ನಾಗಿರುವ ಕಾರನ್ನೇ ಕೊಳ್ಳಿ. 1998ರಿಂದ 2005ರವರೆಗಿನ ಎರಡನೇ ತಲೆಮಾರು ಯಾಂತ್ರಿಕವಾಗಿ ಇದರ ತಮ್ಮನೇ. ಈ ಲೇಖನದ ಬಹುಪಾಲು ಅದಕ್ಕೂ ಅನ್ವಯಿಸುತ್ತದೆ.

ಇನ್ನೂ ಹಗುರ ಬೇಕೆನ್ನುವವರ ಕಣ್ಣು ಸಹಜವಾಗಿ ಲೋಟಸ್ ಎಲೀಸ್ ಮೇಲೆ ಬೀಳುತ್ತದೆ. ಅದರ ಮೊದಲ ಸರಣಿ 700 ಕೆ.ಜಿ. ಚಿಲ್ಲರೆ; ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟಿನಿಂದ ಕೂಡಿಸಿದ ಚಾಸಿಸ್. ಅದ್ಭುತ ಕಾರು, ಆದರೆ ಮೊದಲ ಹಗುರ ಕಾರಾಗಿ ಸಲಹೆ ಕೊಡುವಂಥದ್ದಲ್ಲ. ಕೆ-ಸೀರೀಸ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್, ಹಿಂದಿನ ಚಕ್ರದ ದಿಕ್ಕನ್ನು ಹಿಡಿದಿಡುವ ಟೋ ಲಿಂಕಿನ ಬಾಲ್ ಜಾಯಿಂಟ್, ಸಣ್ಣ ಪೆಟ್ಟಿಗೂ ಇಡಿಯಾಗಿ ಹೋಗುವ ಮುಂಭಾಗದ ಫೈಬರ್ ಹೊದಿಕೆ, ಈ ಮೂರರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ನೋಡಲು ಹೋದಾಗ: ಮೊದಲು ತುಕ್ಕು

ಎಂಜಿನ್ ಬದಲಾಯಿಸಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು. ತುಕ್ಕು ತಿಂದ ಬಾಡಿಯನ್ನು ಕತ್ತರಿಸಿ ವೆಲ್ಡ್ ಮಾಡಿಸುವ ಖರ್ಚು ಅವೆರಡನ್ನೂ ಮೀರುತ್ತದೆ. ಆದ್ದರಿಂದ ಬಾನೆಟ್ ಎತ್ತುವ ಮೊದಲು ಮೊಣಕಾಲೂರಿ ಕುಳಿತುಕೊಳ್ಳಿ.

ಮೊದಲು ನೋಡಬೇಕಾದ್ದು ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್, ಅದರಲ್ಲೂ ಹಿಂದಿನ ಚಕ್ರದ ಮುಂದಿರುವ ಒಂದು ಗೇಣು ಜಾಗ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಒಳ್ಳೆಯ ತಗಡು ಟಣಟಣ ಎನ್ನುತ್ತದೆ, ಪುಟ್ಟಿ ತುಂಬಿದ್ದು ಮಂದವಾಗಿ ದಪ್ ಎನ್ನುತ್ತದೆ. ಜೇಬಿನಲ್ಲಿ ಒಂದು ತೆಳು ಅಯಸ್ಕಾಂತ ಇಟ್ಟುಕೊಂಡರೆ ಅನುಮಾನಕ್ಕೆ ಎಡೆಯಿಲ್ಲ. ತುಕ್ಕು ಹಿಡಿಯುವುದು ಸಿಲ್ಲಿನ ಒಳಗಿನಿಂದ. ಹೊರಗೆ ಬಣ್ಣ ಗುಳ್ಳೆಯೆದ್ದಿದೆ ಎಂದರೆ ಒಳಪದರ ಆಗಲೇ ಹೋಗಿದೆ ಎಂದೇ ಅರ್ಥ.

ಇದಕ್ಕೆ ಕಾರಣ ಬಟ್ಟೆಯ ಟಾಪು. ಅದರ ಮೇಲೆ ಬಿದ್ದ ನೀರು ಸೀಟುಗಳ ಹಿಂಬದಿಯ ಎರಡು ಮೂಲೆಯ ತೂತುಗಳ ಮೂಲಕ ಇಳಿದು ಹಿಂದಿನ ಚಕ್ರದ ಮುಂದೆ, ಕಾರಿನ ಅಡಿಯಲ್ಲಿ ಹೊರಬೀಳಬೇಕು. ಎಲೆಚೂರು, ದೂಳು, ಟಾಪಿನಿಂದ ಉದುರಿದ ನೂಲು ಸೇರಿ ತೂತು ಮುಚ್ಚಿಕೊಂಡರೆ ನೀರು ಸಿಲ್ಲಿನ ಒಳಗೆ, ಕಾರ್ಪೆಟ್ಟಿನ ಅಡಿಗೆ ಸೇರುತ್ತದೆ. ಸೀಟಿನ ಹಿಂದಿನ ಕಾರ್ಪೆಟ್ಟನ್ನು ಅಂಗೈಯಲ್ಲಿ ಒತ್ತಿ ನೋಡಿ. ಒದ್ದೆಯಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಸಿಲ್ಲನ್ನು ಇನ್ನೊಮ್ಮೆ ತಟ್ಟಿ.

ಎರಡನೇ ತಲೆಮಾರಿನ ಕಾರಾದರೆ ಮುಂದಿನ ಚಾಸಿಸ್ ರೈಲುಗಳನ್ನು ತಪ್ಪದೆ ನೋಡಿ. ಮುಂದಿನ ಸಸ್ಪೆನ್ಷನ್ ಹತ್ತಿರ ಅಲ್ಲಿ ತಗಡು ಎರಡು ಪದರ ಇದೆ, ನಡುವೆ ನೀರು ನಿಂತು ತಿನ್ನುತ್ತದೆ. ಮೇಲಿನಿಂದ ಕಾಣುವುದಿಲ್ಲ, ಕಾರನ್ನು ಎತ್ತಲೇಬೇಕು. ಎತ್ತಿದಾಗ ನೆಲದ ತಗಡಿಗೆ ಅಂಟಿ ಉದ್ದಕ್ಕೂ ಹೋಗುವ ಪಟ್ಟಿಗಳೂ ಕಾಣುತ್ತವೆ. ಅವು ಚಪ್ಪಟೆಯಾಗಿರುವುದು ಮಾಮೂಲು, ಯಾರೋ ತಪ್ಪು ಜಾಗದಲ್ಲಿ ಜಾಕ್ ಕೊಟ್ಟಿರುತ್ತಾರೆ. ಅಷ್ಟಕ್ಕೇ ಕಾರನ್ನು ಬಿಡಬೇಕಿಲ್ಲ. ಅಲ್ಲಿಂದ ತುಕ್ಕು ಶುರುವಾಗಿದೆಯೇ ಎಂದಷ್ಟೇ ನೋಡಿ.

ಬೂಟಿನ ಬಲ ಮೂಲೆಯಲ್ಲಿ ಬ್ಯಾಟರಿ. ಮೂಲದಲ್ಲಿ ಅಲ್ಲಿದ್ದದ್ದು ಚೆಲ್ಲದ, ಮೊಹರಾದ, ಹಗುರ ಬ್ಯಾಟರಿ, ಗಾಳಿ ಹೊರಹೋಗಲು ಕೊಳವೆ ಸಹಿತ. ಅದರ ಜಾಗದಲ್ಲಿ ಸಾಧಾರಣ ಆಸಿಡ್ ಬ್ಯಾಟರಿ ಇಟ್ಟು ಕೊಳವೆ ಜೋಡಿಸದೆ ಬಿಟ್ಟಿದ್ದರೆ ಕೆಳಗಿನ ತಗಡು ಬಿಳಿ ಪುಡಿ ಹಿಡಿದು ಸವೆದಿರುತ್ತದೆ.

ಆಮೇಲೆ ಎಂಜಿನ್

ಇವು ಗಟ್ಟಿ ಎಂಜಿನ್‌ಗಳು. ಮೊದಲ ತಲೆಮಾರಿನಲ್ಲಿ, ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವ್ ಪಿಸ್ಟನ್ನಿಗೆ ತಾಗುವುದಿಲ್ಲ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಹೆಡ್ಡಿನಿಂದ ಬರುವ ಟಿಕ್ ಟಿಕ್ ಸದ್ದು ವಾಲ್ವುಗಳನ್ನು ಒತ್ತುವ ಹೈಡ್ರಾಲಿಕ್ ಲಿಫ್ಟರುಗಳದ್ದು. ಹೊಸ ಎಣ್ಣೆ ಹಾಕಿ ನಾಲ್ಕು ದಿನ ಚೆನ್ನಾಗಿ ಓಡಿಸಿದರೆ ಎಷ್ಟೋ ಸಲ ತಾನಾಗಿ ನಿಲ್ಲುತ್ತದೆ. ಬೆಲೆ ಇಳಿಸಲು ಅದನ್ನು ಬಳಸಿಕೊಳ್ಳಿ, ನಿದ್ದೆ ಕೆಡಿಸಿಕೊಳ್ಳಬೇಡಿ.

ನಿದ್ದೆ ಕೆಡಿಸುವಂಥದ್ದು ಒಂದಿದೆ. 1991ರ ಮೊದಲ ಭಾಗದವರೆಗಿನ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಮುಂತುದಿ ಗಿಡ್ಡ. ಪುಲ್ಲಿಯನ್ನು ಹಿಡಿದಿರುವ ಬೋಲ್ಟು ಸರಿಯಾಗಿ ಬಿಗಿಯಾಗದಿದ್ದರೆ ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರುವ ತೋಡು ಸವೆದು ಅಗಲವಾಗುತ್ತದೆ, ಟೈಮಿಂಗ್ ಜಾರುತ್ತದೆ, ಎಂಜಿನ್ ಮಂಕಾಗುತ್ತದೆ, ಕೊನೆಗೆ ಕ್ರ್ಯಾಂಕ್ ಬದಲಾಯಿಸುವವರೆಗೆ ಹೋಗುತ್ತದೆ. ಗುರುತಿಸುವುದು ಸುಲಭ: ಕೆಳಗಿನ ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳು ಇದ್ದರೆ ಗಿಡ್ಡ ತುದಿ, ಎಂಟು ಇದ್ದರೆ ಉದ್ದ ತುದಿ. ಎಂಜಿನ್ ಐಡ್ಲಿನಲ್ಲಿ ಇರುವಾಗ ಟಾರ್ಚು ಹಿಡಿದು ಪುಲ್ಲಿಯ ನಟ್ಟನಡುವಿನ ಬೋಲ್ಟಿನ ತಲೆಯನ್ನು ನೋಡಿ. ಅದು ಸ್ಥಿರವಾಗಿದ್ದು ಹೊರಗಿನ ಉಂಗುರ ಮಾತ್ರ ಓಲಾಡುತ್ತಿದ್ದರೆ ಪುಲ್ಲಿಯೊಳಗಿನ ರಬ್ಬರು ಬಿಟ್ಟಿದೆ, ಪುಲ್ಲಿ ಬದಲಾಯಿಸಿದರೆ ಮುಗಿಯಿತು. ಪುಲ್ಲಿ ಇಡಿಯಾಗಿ, ನಡುಭಾಗ ಸಮೇತ ಓಲಾಡುತ್ತಿದ್ದರೆ ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ. ಈ ರೋಗ ಬಹುತೇಕ ತಗಲುವುದು ಬೆಲ್ಟ್ ಬದಲಾಯಿಸಿದ ನಂತರ ಅಂದಾಜಿನಲ್ಲಿ ಬಿಗಿದ ಬೋಲ್ಟಿನಿಂದ. ಗಿಡ್ಡ ತುದಿಗೆ 108ರಿಂದ 118 ನ್ಯೂಟನ್ ಮೀಟರ್, ಉದ್ದ ತುದಿಗೆ 157ರಿಂದ 167. ಬೋಲ್ಟು ಪ್ರತಿಸಲವೂ ಹೊಸದಿರಲಿ, ಟಾರ್ಕ್ ರೆಂಚ್ ಇಲ್ಲದವರು ಇದಕ್ಕೆ ಕೈಹಾಕುವುದು ಬೇಡ.

ಎಣ್ಣೆ ಎಲ್ಲಿಂದ ಜಿನುಗುತ್ತಿದೆ ಎಂಬುದನ್ನು ಅವಸರದಲ್ಲಿ ನಿರ್ಧರಿಸಬೇಡಿ. ಗೇರ್‌ಬಾಕ್ಸ್ ಮತ್ತು ಎಂಜಿನ್ ಸೇರುವಲ್ಲಿ ತೊಟ್ಟಿಕ್ಕುತ್ತಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಹೇಳಿಬಿಡುವವರುಂಟು. ಹೆಡ್ಡಿನ ಹಿಂತುದಿಯಲ್ಲಿ, ಫೈರ್‌ವಾಲ್ ಪಕ್ಕದಲ್ಲಿ ಕ್ಯಾಮ್ ಆ್ಯಂಗಲ್ ಸೆನ್ಸರ್ ಕೂತಿದೆ. ಅದರ ಓ-ರಿಂಗ್ ಕಾಲಕ್ಕೆ ಕಲ್ಲಿನಂತಾಗುತ್ತದೆ, ಎಣ್ಣೆ ಅಲ್ಲಿಂದ ಇಳಿದು ಬೆಲ್ ಹೌಸಿಂಗಿನ (ಗೇರ್‌ಬಾಕ್ಸಿನ ಮುಂದಿನ ಕವಚ) ಮೇಲೆ ಹರಿದು ಕೆಳಗೆ ತೊಟ್ಟಿಕ್ಕುತ್ತದೆ. ಸೆನ್ಸರಿನ ಅಡಿಗೆ ಬೆರಳು ತೂರಿಸಿ ನೋಡಿ. ಒದ್ದೆಯಾಗಿದ್ದರೆ ಕೆಲಸ ಒಂದು ರಬ್ಬರ್ ಉಂಗುರದ್ದು. ತೆಗೆಯುವ ಮೊದಲು ಸೆನ್ಸರಿಗೂ ಹೆಡ್ಡಿಗೂ ಸೇರಿಸಿ ಒಂದು ಗೀಟು ಎಳೆಯಿರಿ, ಯಾಕೆಂದರೆ ಇಗ್ನಿಷನ್ ಟೈಮಿಂಗ್ ನಿಂತಿರುವುದು ಅದನ್ನು ಎಷ್ಟು ತಿರುಗಿಸಿ ಬಿಗಿದಿದ್ದಾರೆ ಎಂಬುದರ ಮೇಲೆ. 12 ಎಂ.ಎಂ. ಬೋಲ್ಟು ಒಂದೇ. ಜಾಗ ಇಕ್ಕಟ್ಟು, ಶಾಪ ಹಾಕದೆ ಮುಗಿಸಿದವರು ಕಡಿಮೆ. ನಂತರ ಟೈಮಿಂಗ್ ಲೈಟು ಹಿಡಿದು ಮೂಲ ಟೈಮಿಂಗ್ 10 ಡಿಗ್ರಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ರೇಡಿಯೇಟರಿನ ಪ್ಲಾಸ್ಟಿಕ್ ಮೇಲ್ತೊಟ್ಟಿಯ ಬಣ್ಣವೇ ಅದರ ವಯಸ್ಸು ಹೇಳುತ್ತದೆ: ಕಪ್ಪಾಗಿದ್ದರೆ ಸರಿ, ಕಂದು ಅಥವಾ ಹಸಿರುಮಿಶ್ರಿತ ಕಂದಿಗೆ ತಿರುಗಿದ್ದರೆ ಬಿರಿಯುವ ದಿನ ದೂರವಿಲ್ಲ. ತಾಪಮಾನದ ಮುಳ್ಳನ್ನು ನಂಬಬೇಡಿ. ಅದು ವಿಶಾಲವಾದ ತಾಪದ ಹರವಿನಲ್ಲಿ ನಡುವಲ್ಲೇ ನಿಂತಿರುವಂತೆ ಮಾಡಿಟ್ಟದ್ದು. ಅಲುಗಿ ಮೇಲೆ ಹೋಯಿತೆಂದರೆ ಆಗಲೇ ತಡವಾಗಿರುತ್ತದೆ. ಎಣ್ಣೆ ಒತ್ತಡದ ಮುಳ್ಳೂ 1995ರಿಂದೀಚಿನ ಕಾರುಗಳಲ್ಲಿ ಒತ್ತಡ ಇದೆ ಅಥವಾ ಇಲ್ಲ ಎಂದಷ್ಟೇ ತೋರಿಸುವ ಅಲಂಕಾರ.

ಮನೆಗೆ ತಂದ ಮೊದಲ ವಾರ

ಟಾಪಿನ ನೀರಿನ ದಾರಿಯಿಂದ ಶುರುಮಾಡಿ. ಟಾಪನ್ನು ಅರ್ಧ ಮಡಚಿ ಸೀಟಿನ ಹಿಂದಿನ ಮೂಲೆಯ ತೂತುಗಳಿಂದ ಕಸವನ್ನು ಕೈಯಲ್ಲೇ ಎತ್ತಿ. ಆಮೇಲೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ಒಂದು ಮೀಟರ್ ತುಂಡನ್ನು ತಿರುಗಿಸುತ್ತಾ ಕೆಳಗಿಳಿಸಿ. ಗಡುಸು ತಂತಿ, ಕಂಪ್ರೆಸರಿನ ಗಾಳಿ ಎರಡೂ ಬೇಡ. ಒಳಗಿನ ರಬ್ಬರ್ ಕೊಳವೆ ಕೀಲಿನಿಂದ ಕಳಚಿಕೊಂಡರೆ ನೀರೆಲ್ಲ ನೇರವಾಗಿ ಸಿಲ್ಲಿಗೆ ಹೋಗುತ್ತದೆ, ಮಾಡಿದ ಉಪಕಾರವೇ ಅಪಕಾರವಾಗುತ್ತದೆ. ಕೊನೆಗೆ ಒಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಹಾಕಿದಷ್ಟೂ ನೀರು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಅರ್ಧವೇ ಬಿದ್ದರೆ ಉಳಿದರ್ಧ ಎಲ್ಲಿಗೆ ಹೋಯಿತು ಎಂದು ಕಾರ್ಪೆಟ್ ಎತ್ತಿ ನೋಡಿ. ವರ್ಷಕ್ಕೆ ಎರಡು ಸಲ ಇಷ್ಟು ಮಾಡಿದರೆ ಸಾಕು.

ದ್ರವಗಳು: ಎಂಜಿನ್ ಎಣ್ಣೆ 1.6ಕ್ಕೆ ಫಿಲ್ಟರ್ ಸೇರಿ ಸುಮಾರು 3.6 ಲೀಟರ್. ಐದು ಗೇರಿನ ಗೇರ್‌ಬಾಕ್ಸಿಗೆ 2 ಲೀಟರ್ 75ಡಬ್ಲ್ಯು-90, ಜಿಎಲ್-4 ದರ್ಜೆಯದ್ದು. ಕೂಲೆಂಟ್ 6 ಲೀಟರ್, ಬ್ರೇಕಿಗೂ ಕ್ಲಚ್ಚಿಗೂ ಡಾಟ್-4, ಎರಡು ವರ್ಷಕ್ಕೊಮ್ಮೆ. ಟೈಮಿಂಗ್ ಬೆಲ್ಟ್ ಸುಮಾರು 96,000 ಕಿ.ಮೀ.ಗೆ ಒಮ್ಮೆ, ಹಿಂದಿನವರು ಯಾವಾಗ ಹಾಕಿಸಿದರೆಂಬುದಕ್ಕೆ ಚೀಟಿ ಇಲ್ಲದಿದ್ದರೆ ಹಾಕಿಸಿಲ್ಲ ಎಂದೇ ತಿಳಿಯಿರಿ. ವಾಟರ್ ಪಂಪನ್ನು ತಿರುಗಿಸುವುದು ಹೊರಗಿನ ಬೆಲ್ಟೇ ಆದರೂ ಅದನ್ನು ತೆಗೆಯಲು ಟೈಮಿಂಗ್ ಕವರು ಬಿಚ್ಚಲೇಬೇಕು. ಹಾಗಾಗಿ ಎರಡನ್ನೂ, ಮುಂದಿನ ಕ್ಯಾಮ್, ಕ್ರ್ಯಾಂಕ್ ಸೀಲುಗಳನ್ನೂ ಒಟ್ಟಿಗೇ ಮುಗಿಸಿ.

ಗೇರ್ ಹಾಕುವಾಗ ಕೈಗೆ ಗರಗಸದಂತೆ ತಗಲುತ್ತಿದ್ದರೆ, ಲಿವರಿನ ಬುಡದಿಂದ ಬಿಸಿಗಾಳಿ ಒಳಬರುತ್ತಿದ್ದರೆ ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಹೆದರಬೇಡಿ. ಲಿವರ್ ಕೂರುವ ಗೂಡಿಗೆ ಗೇರ್‌ಬಾಕ್ಸಿನಿಂದ ಬೇರೆಯಾದ ತನ್ನದೇ ಎಣ್ಣೆ ಇದೆ. ಬಹಳಷ್ಟು ಕಾರುಗಳಲ್ಲಿ ಅದು ಒಣಗಿ, ಮೇಲಿನ ರಬ್ಬರ್ ಬೂಟುಗಳು ಹರಿದಿರುತ್ತವೆ. ಒಳಗಿನಿಂದಲೇ ಕನ್ಸೋಲ್ ಬಿಚ್ಚಿ, ಹಳೆಯ ಕೊಳಕನ್ನು ಸಿರಿಂಜಿನಲ್ಲಿ ಎಳೆದು ತೆಗೆದು, 80ರಿಂದ 90 ಮಿಲಿ ಲೀಟರ್ ಅದೇ 75ಡಬ್ಲ್ಯು-90 ಹಾಕಿ ಹೊಸ ಬೂಟುಗಳನ್ನು ಕೂರಿಸಿದರೆ ಈ ಕಾರಿನ ಹೆಸರುವಾಸಿ ಗೇರು ಮರಳಿ ಬರುತ್ತದೆ. ಒಂದು ಮಧ್ಯಾಹ್ನದ ಕೆಲಸ, ಸಿಗುವ ಸುಖಕ್ಕೆ ಹೋಲಿಸಿದರೆ ಇದಕ್ಕಿಂತ ಅಗ್ಗದ ರಿಪೇರಿ ಈ ಕಾರಿನಲ್ಲಿ ಇಲ್ಲ.

ಕ್ಲಚ್ ಒತ್ತಿದರೂ ಗೇರ್ ಬೀಳದಿದ್ದರೆ ಮೊದಲು ಕ್ಲಚ್ಚಿನ ದ್ರವದ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಗೇರ್‌ಬಾಕ್ಸಿನ ಪಕ್ಕದ, ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಸರಿಸಿ. ಒಳಗಿಂದ ದ್ರವ ಸುರಿದರೆ ಸಿಲಿಂಡರ್ ಹೋಗಿದೆ. ಇದು ಈ ಕಾರುಗಳಲ್ಲಿ ಆಗಾಗ ಹೋಗುವ ಭಾಗ.

ಹಿಂದಿನ ಬ್ರೇಕು

ಕಾರು ಹಗುರವಾದ್ದರಿಂದ ಹಿಂದಿನ ಬ್ರೇಕಿನ ಪಾಲಿಗೆ ಕೆಲಸ ಕಡಿಮೆ, ಸುಮ್ಮನೆ ಕೂತದ್ದು ಹಿಡಿದುಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಲಿವರ್ ಹತ್ತು ಹನ್ನೆರಡು ಹಲ್ಲು ಮೇಲೆ ಬರುತ್ತಿದ್ದರೆ ಜನ ಒಳಗಿನ ಕೇಬಲ್ಲನ್ನು ಬಿಗಿ ಮಾಡುತ್ತಾರೆ. ಅದು ತಪ್ಪು. ಹೊಂದಿಸಬೇಕಾದ್ದು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಲ್ಲಿ.

ಕಾರಿನ ಹಿಂಭಾಗವನ್ನು ಡಿಫರೆನ್ಷಿಯಲ್ ಅಡಿಯಲ್ಲಿ ಜಾಕ್ ಕೊಟ್ಟು ಎತ್ತಿ, ಸಿಲ್ಲಿನ ಗುರುತಿಟ್ಟ ಜಾಗಗಳಿಗೆ ಸ್ಟ್ಯಾಂಡ್ ಇಟ್ಟು ಚಕ್ರ ತೆಗೆಯಿರಿ. ಮುಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡಿ. ಕ್ಯಾಲಿಪರಿನ ಹಿಂಬದಿಯಲ್ಲಿ 14 ಎಂ.ಎಂ. ತಲೆಯ ಒಂದು ಬೋಲ್ಟು ಕಾಣುತ್ತದೆ. ಅದು ಬರೀ ಮುಚ್ಚಳ. ತೆಗೆದರೆ ಒಳಗೆ 4 ಎಂ.ಎಂ. ಅಲೆನ್ ಕೀ ಕೂರುವ ಸ್ಕ್ರೂ. ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ, ಬಲಕ್ಕೆ ತಿರುಗಿಸಿದರೆ ಮುಂದೆ ಬರುತ್ತದೆ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ನನ್ನು ಕ್ಲಾಂಪಿನಿಂದ ಒತ್ತಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಕೀಲು ಮುರಿಯುತ್ತದೆ; ಈ ಸ್ಕ್ರೂವಿನಿಂದಲೇ ಹಿಂದೆ ತನ್ನಿ. ಪ್ಯಾಡ್ ಕೂರಿಸಿದ ಮೇಲೆ ಡಿಸ್ಕು ತಿರುಗದಷ್ಟು ಬಲಕ್ಕೆ ಬಿಗಿದು, ಅಲ್ಲಿಂದ ಮೂರನೇ ಒಂದು ಸುತ್ತು ಎಡಕ್ಕೆ ಬಿಡಿ. ಡಿಸ್ಕನ್ನು ಕೈಯಲ್ಲಿ ತಿರುಗಿಸಿದರೆ ಸ್ಸ್ ಎಂದು ತುಸು ಉಜ್ಜುವ ಸದ್ದು ಬರಬಹುದು, ತಡೆಯಬಾರದು. ಜಾರುವ ಪಿನ್ನುಗಳನ್ನು ಹೊರತೆಗೆದು ಒರೆಸಿ ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್ ಹಚ್ಚಿ. ಎರಡೂ ಬದಿ ಮುಗಿಸಿ ಪೆಡಲನ್ನು ಕೆಲವು ಸಲ ಒತ್ತಿದ ಮೇಲಷ್ಟೇ ಕೇಬಲ್ಲಿನ ಸಡಿಲು ನೋಡಬೇಕು.

ಟೈರು ಮತ್ತು ಅಲೈನ್‌ಮೆಂಟ್

ಈ ಕಾರಿನಲ್ಲಿ ಟೈರಿನ ಹಲ್ಲು ಸವೆಯುವುದು ನಿಧಾನ, ಅದೇ ಮೋಸ. ಹಲ್ಲು ಚೆನ್ನಾಗಿ ಕಾಣುವಾಗಲೇ ರಬ್ಬರು ಗಡುಸಾಗಿರುತ್ತದೆ. ಪಕ್ಕದ ಗೋಡೆಯ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ ಬೇರೇನನ್ನೂ ಸುಧಾರಿಸುವ ಮೊದಲು ಟೈರು ಬದಲಾಯಿಸಿ. ಮೂಲ ಅಳತೆ 185/60 ಆರ್14. 17 ಇಂಚಿನ ಚಕ್ರ ಚಂದ ಕಾಣಬಹುದು. ಚಕ್ರದ ತೂಕ ಏರಿದಂತೆ ಸ್ಟೀರಿಂಗಿನ ಮಾತು ಕಡಿಮೆಯಾಗುತ್ತದೆ. ಗಾಳಿ ಕಂಪನಿ ಹೇಳಿದ್ದು 26 ಪಿ.ಎಸ್.ಐ. ಗಾಳಿ ತುಂಬುವವರು ಅಭ್ಯಾಸಬಲದಿಂದ 32-33 ತುಂಬಿ ಕಳಿಸುತ್ತಾರೆ, ಕಾರು ಚೆಂಡಿನಂತೆ ಪುಟಿಯುತ್ತದೆ. ಸಸ್ಪೆನ್ಷನ್ ಕೆಟ್ಟಿದೆ ಎಂದು ದೂರುವವರಲ್ಲಿ ಕೆಲವರ ಕಾರು ಗಾಳಿ ಇಳಿಸಿದ ತಕ್ಷಣ ಸರಿಯಾಗುತ್ತದೆ.

ಅಲೈನ್‌ಮೆಂಟನ್ನು ಪೂರ್ತಿ ಹೊಂದಿಸಬಹುದಾದ್ದು ಈ ಕಾರಿನ ದೊಡ್ಡ ಗುಣ. ಕೆಳತೋಳುಗಳ ಬುಡದಲ್ಲಿ ಒಟ್ಟು ಎಂಟು ಕೇಂದ್ರ ತಪ್ಪಿದ (ಎಕ್ಸೆಂಟ್ರಿಕ್) ಬೋಲ್ಟುಗಳಿವೆ, ತಿರುಗಿಸಿದರೆ ತೋಳು ಸರಿಯುತ್ತದೆ. ತೊಂದರೆಯೆಂದರೆ ಅವು ಬುಷ್ಷಿನೊಳಗಿನ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತವೆ. ಅಲೈನ್‌ಮೆಂಟಿಗೆ ಹೋಗುವ ಒಂದು ವಾರ ಮೊದಲಿನಿಂದ ದಿನಾ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ, ಮೊದಲು ನಟ್ಟು ಸಡಿಲಿಸಿ ಬೋಲ್ಟನ್ನು ಹಿಂದೆ ಮುಂದೆ ಅಲುಗಿಸಿ. ನಟ್ಟು ತಿರುಗಿ ಬೋಲ್ಟು ಮಾತ್ರ ರಬ್ಬರಿನ ಜೊತೆ ಹೊಸೆದುಕೊಳ್ಳುತ್ತಿದ್ದರೆ ಬಲ ಹಾಕಬೇಡಿ. ಅಲ್ಲಿಗೆ ಬೋಲ್ಟು ಕತ್ತರಿಸಿ ಬುಷ್ ಸಮೇತ ಹೊಸದು ಹಾಕುವ ಕೆಲಸ. ಹೊಸ ರಬ್ಬರ್ ಬುಷ್ ಹಾಕಿದರೆ ಬೋಲ್ಟುಗಳ ಕೊನೆಯ ಬಿಗಿ ಕಾರು ನೆಲದ ಮೇಲೆ, ತನ್ನ ತೂಕದಲ್ಲಿ ನಿಂತಿರುವಾಗಲೇ ಆಗಬೇಕು. ಗಾಳಿಯಲ್ಲಿ ಎತ್ತಿಟ್ಟು ಬಿಗಿದರೆ ಇಳಿಸಿದಾಗ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ರಸ್ತೆಗೆ ಒಳ್ಳೆಯ ಆರಂಭ: ಮುಂದೆ ಕ್ಯಾಂಬರ್ (ಚಕ್ರದ ವಾಲು, ಮೈನಸ್ ಎಂದರೆ ಮೇಲ್ತುದಿ ಒಳಕ್ಕೆ) ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5, ಮುಂದೆ ಟೋ (ಚಕ್ರದ ಮುಂತುದಿ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವುದು) ಸೊನ್ನೆ, ಹಿಂದೆ ಎರಡೂ ಚಕ್ರ ಸೇರಿ 1.5ರಿಂದ 2 ಎಂ.ಎಂ. ಒಳಕ್ಕೆ. ಹಿಂದೆ ಟೋ ಹೊರಕ್ಕಿದ್ದರೆ ಮಳೆಯಲ್ಲಿ ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ. ಅಳೆಯುವಾಗ ಚಾಲಕನ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಡಿಸಿ. 960 ಕೆ.ಜಿ.ಯ ಕಾರಿಗೆ 75 ಕೆ.ಜಿ. ಮನುಷ್ಯನೆಂದರೆ ತೂಕದ ನೂರಕ್ಕೆ ಎಂಟು ಭಾಗ, ಅದೂ ಒಂದೇ ಬದಿಗೆ. ಇದೇ ಲೆಕ್ಕದಲ್ಲಿ 45 ಲೀಟರಿನ ತುಂಬಿದ ಟ್ಯಾಂಕೂ ಸುಮಾರು 33 ಕೆ.ಜಿ. ಬೂಟಿನಲ್ಲಿ ಬಿಟ್ಟ ಉಪಕರಣದ ಪೆಟ್ಟಿಗೆ ಇಳಿಸಿದರೆ ಆಗುವ ವ್ಯತ್ಯಾಸ ಕೂಡ ತಿರುವಿನಲ್ಲಿ ತಿಳಿಯುತ್ತದೆ, ಕಾಸು ಖರ್ಚಿಲ್ಲದ ಸುಧಾರಣೆ. ಸ್ಪ್ರಿಂಗ್ ಕತ್ತರಿಸಿ ಕಾರು ಇಳಿಸುವುದು ಮಾತ್ರ ಬೇಡ. ಸಸ್ಪೆನ್ಷನ್ನಿಗೆ ಇರುವ ಓಡಾಟವೇ ಕಡಿಮೆ. ಇನ್ನಷ್ಟು ಇಳಿಸಿದರೆ ಸಣ್ಣ ಹಳ್ಳಕ್ಕೂ ತಳ ಕುಟ್ಟುತ್ತದೆ.

ಟಾಪ್ ಮಡಚುವ ಕ್ರಮ

ಮೊದಲ ತಲೆಮಾರಿನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಮಡಚುವ ಮೊದಲು ಅದರ ಜಿಪ್ ಬಿಚ್ಚಿ ಕಿಟಕಿಯನ್ನು ಹಿಂದಕ್ಕೆ ಮಲಗಿಸಬೇಕು, ಮೇಲೊಂದು ಮೆತ್ತನೆ ಬಟ್ಟೆ ಹಾಸಬೇಕು. ಆಮೇಲೆ ಮುಂದಿನ ಎರಡು ಕೊಕ್ಕೆ ಬಿಡಿಸಿ, ಟಾಪನ್ನು ಹಿಂದಕ್ಕೆ ತಳ್ಳಿ, ಬಟ್ಟೆ ಚೌಕಟ್ಟಿನ ಕೀಲುಗಳ ನಡುವೆ ಸಿಕ್ಕದಂತೆ ಒಂದು ಕೈಯಿಂದ ಹೊರಕ್ಕೆ ಎಳೆಯುತ್ತಾ ಇಳಿಸಿ. ಜಿಪ್ ಬಿಚ್ಚದೆ ಮಡಚಿದ ಕಿಟಕಿಯಲ್ಲಿ ಮೊದಲು ಬಿಳಿ ಗೀರು, ಆಮೇಲೆ ಸೀಳು. ಕೊರೆಯುವ ಚಳಿಯಲ್ಲಿ ಪ್ಲಾಸ್ಟಿಕ್ ಗಾಜಿನಂತೆ ಒಡೆಯುತ್ತದೆ. ಅಂಥ ಬೆಳಿಗ್ಗೆ ಟಾಪ್ ಮುಚ್ಚಿ ಹೀಟರ್ ಹಾಕಿ ಹತ್ತು ನಿಮಿಷ ಓಡಿಸಿ, ಒಳಗೆ ಬೆಚ್ಚಗಾದ ಮೇಲೆ ತೆರೆಯಿರಿ. ಒದ್ದೆ ಟಾಪನ್ನು ಮಡಚಿಟ್ಟು ಕಾರು ನಿಲ್ಲಿಸಿಬಿಟ್ಟರೆ ಹೊಲಿಗೆ ಬೂಷ್ಟು ಹಿಡಿಯುತ್ತದೆ. ಮನೆ ಮುಟ್ಟಿದೊಡನೆ ಎತ್ತಿ ಕೊಕ್ಕೆ ಹಾಕದೆ ಸಡಿಲವಾಗಿ ಒಣಗಲು ಬಿಡಿ, ಒಣಗಿದ ಮೇಲೆ ಬಿಗಿಯಿರಿ.